ಪೆಟ್ರೋಲ್ ಬಿಟ್ಟು ಡೀಸೆಲ್ ಕಾರಿಗೆ ಬಂದವರು ಎಂಜಿನ್ ಸದ್ದಿಗೆ ಕಿವಿ ಹೊಂದಿಸಿಕೊಳ್ಳುವ ಬಗೆ

ಹನ್ನೊಂದು ವರ್ಷ ಒಂದೇ ಪೆಟ್ರೋಲ್ ಕಾರನ್ನು ಓಡಿಸಿದ ಮೇಲೆ ನಾನು ಐದು ವರ್ಷ ಹಳೆಯದಾದ ಡೀಸೆಲ್ ಕಾರೊಂದನ್ನು ಕೊಂಡು ಮನೆಗೆ ತಂದೆ. ಮರುದಿನ ಬೆಳಿಗ್ಗೆ ಕೀಲಿ ತಿರುಗಿಸಿದ ಕೂಡಲೇ ಎದ್ದ ಸದ್ದಿಗೆ ಅಮ್ಮ ಅಡುಗೆಮನೆಯಿಂದ ಹೊರಬಂದು, "ಇದೇನೋ, ಹಿಟ್ಟಿನ ಗಿರಣಿ ಶುರುವಾದ ಹಾಗಿದೆಯಲ್ಲ" ಎಂದರು. ಹೋಲಿಕೆಯೇನೂ ತಪ್ಪಾಗಿರಲಿಲ್ಲ. ಕರೆಂಟಿಲ್ಲದ ಕಾಲದ ಊರ ಗಿರಣಿಯಲ್ಲಿ, ಗದ್ದೆಯಂಚಿನ ಪಂಪ್‌ಸೆಟ್‌ನಲ್ಲಿ ಬಡಿದುಕೊಳ್ಳುತ್ತಿದ್ದುದೂ ಇದೇ ಜಾತಿಯ ಎಂಜಿನ್ನೇ.

ಹೀಗೆ ಡೀಸೆಲ್‌ಗೆ ಬಂದವರು ಮೊದಲ ತಿಂಗಳಲ್ಲಿ ಸಾಮಾನ್ಯವಾಗಿ ಎರಡು ತಪ್ಪುಗಳಲ್ಲಿ ಒಂದನ್ನು ಮಾಡುತ್ತಾರೆ. ಕೆಲವರು ಕೇಳಿಸಿದ ಪ್ರತಿ ಸದ್ದನ್ನೂ ರೋಗವೆಂದು ಬಗೆದು ಗ್ಯಾರೇಜಿಗೆ ಓಡುತ್ತಾರೆ. ಇನ್ನು ಕೆಲವರು ಡೀಸೆಲ್ ಎಂದಮೇಲೆ ಇಷ್ಟೇ ಎಂದುಕೊಂಡು ಹಾಡಿನ ವಾಲ್ಯೂಮ್ ಏರಿಸಿ ಸುಮ್ಮನಾಗುತ್ತಾರೆ. ನಾನು ಮೊದಲನೆಯ ಗುಂಪಿಗೆ ಸೇರಿದವನು. ಸಿಲಿಂಡರಿಗೆ ಇಂಧನ ಸಿಂಪಡಿಸುವ ಇಂಜೆಕ್ಟರ್ ಕೆಟ್ಟಿದೆಯೆಂದು ನಂಬಿ, ಒಂದು ಗ್ಯಾರೇಜಿನಲ್ಲಿ ನಾಲ್ಕು ಇಂಜೆಕ್ಟರುಗಳನ್ನೂ ಬಿಚ್ಚಿ ಪರೀಕ್ಷಿಸಿದ್ದಕ್ಕೆ ಹಣ ತೆತ್ತೆ. ಆಮೇಲೆ ಇನ್ನೊಬ್ಬ ಮೆಕ್ಯಾನಿಕ್ ಕಾರಿನಡಿಗೆ ತಲೆ ಹಾಕಿ, ಸೈಲೆನ್ಸರ್ ಪೈಪಿನ ಶಾಖ ಮೇಲಕ್ಕೆ ತಾಗದಂತೆ ಹಾಕಿದ್ದ ತಗಡಿನ ಸಡಿಲ ಬೋಲ್ಟನ್ನು ಬಿಗಿದು, ಐದೇ ನಿಮಿಷದಲ್ಲಿ ಸದ್ದು ನಿಲ್ಲಿಸಿದರು. ಆದ್ದರಿಂದಲೇ ಈ ಬರಹದಲ್ಲಿ ಸದ್ದಡಗಿಸುವ ಉಪಾಯಗಳನ್ನು ಹಿಂದಕ್ಕೆ ಇಟ್ಟಿದ್ದೇನೆ. ಆರೋಗ್ಯವಾಗಿರುವ ಡೀಸೆಲ್ ಎಂಜಿನ್ ಹೇಗೆ ಕೇಳಿಸುತ್ತದೆ ಎಂಬುದನ್ನು ಕಿವಿಗೆ ಮೊದಲು ಕಲಿಸಬೇಕು. ಆ ಪಾಠವಾಗುವ ಮುನ್ನವೇ ಸದ್ದು ಹೀರುವ ಶೀಟ್ ಹೊದಿಸಿ ಸದ್ದು ತಗ್ಗಿಸಿದರೆ, ಮುಂದೆ ನಿಜವಾದ ದೋಷ ಹುಟ್ಟಿದಾಗ ಅದೂ ಅದೇ ಹೊದಿಕೆಯಡಿ ಅಡಗಿಹೋಗುತ್ತದೆ.

ಬಡಿತ ಎಲ್ಲಿಂದ ಬರುತ್ತದೆ

ಸಾಮಾನ್ಯ ಪೆಟ್ರೋಲ್ ಎಂಜಿನ್ನಿನಲ್ಲಿ ಗಾಳಿ ಮತ್ತು ಇಂಧನ ಮೊದಲೇ ಬೆರೆತಿರುತ್ತವೆ. ಸ್ಪಾರ್ಕ್ ಪ್ಲಗ್ಗಿನ ಕಿಡಿಯಿಂದ ಹೊತ್ತಿದ ಜ್ವಾಲೆ ಒಂದೆಡೆಯಿಂದ ಇನ್ನೊಂದೆಡೆಗೆ ಕ್ರಮವಾಗಿ ಹರಡುತ್ತದೆ. ಡೀಸೆಲ್‌ನಲ್ಲಿ ಕಿಡಿಯೇ ಇಲ್ಲ. ಸಿಲಿಂಡರಿನೊಳಕ್ಕೆ ಬರಿಯ ಗಾಳಿಯನ್ನು ಎಳೆದುಕೊಂಡು ಅದನ್ನು ಸುಮಾರು 15ರಿಂದ 20 ಪಟ್ಟು ಒತ್ತಿ ಕುಗ್ಗಿಸಲಾಗುತ್ತದೆ. ಪೆಟ್ರೋಲ್ ಎಂಜಿನ್ನಿನಲ್ಲಿ ಈ ಪ್ರಮಾಣ ಹೆಚ್ಚಾಗಿ 9ರಿಂದ 12 ಪಟ್ಟಿನೊಳಗಿರುತ್ತದೆ. ಅಷ್ಟು ಒತ್ತಿದ ಗಾಳಿ 500 ಡಿಗ್ರಿ ಸೆಲ್ಸಿಯಸ್ಸನ್ನೂ ಮೀರಿ ಕಾಯುತ್ತದೆ, ಅದರೊಳಕ್ಕೆ ಸಿಂಪಡಿಸಿದ ಡೀಸೆಲ್ ತಾನಾಗಿ ಹೊತ್ತಿಕೊಳ್ಳುತ್ತದೆ. ರುಡಾಲ್ಫ್ ಡೀಸೆಲ್ 1897ರಲ್ಲಿ ಜರ್ಮನಿಯ ಆಗ್ಸ್‌ಬರ್ಗ್‌ನಲ್ಲಿ ಓಡಿಸಿ ತೋರಿಸಿದ ಎಂಜಿನ್ನಿನ ತತ್ತ್ವವೂ ಇದೇ ಆಗಿತ್ತು.

ಸಿಂಪಡಿಸಿದ ಗಳಿಗೆಗೂ ಹೊತ್ತಿಕೊಳ್ಳುವ ಗಳಿಗೆಗೂ ನಡುವೆ ಕಣ್ಣೆವೆಯಿಕ್ಕುವುದಕ್ಕಿಂತ ಎಷ್ಟೋ ಪಾಲು ಚಿಕ್ಕದಾದ ಒಂದು ತಡವಿರುತ್ತದೆ. ಆ ತಡದಲ್ಲಿ ಒಳಹೊಕ್ಕ ಇಂಧನವೆಲ್ಲ ಒಟ್ಟಿಗೆ ಹೊತ್ತಿಕೊಂಡಾಗ ಒತ್ತಡ ಏಕಾಏಕಿ ಏರುತ್ತದೆ. ಸಿಲಿಂಡರಿನ ಗೋಡೆಗೆ ಒಳಗಿನಿಂದ ಸುತ್ತಿಗೆಯಲ್ಲಿ ಬಡಿದಂತಾಗುತ್ತದೆ. ಮೆಕ್ಯಾನಿಕ್‌ಗಳು ನಾಕಿಂಗ್ ಎನ್ನುವುದು ಇದನ್ನೇ. ಪೆಟ್ರೋಲ್ ಕಾರು ಓಡಿಸಿದವರಿಗೆ ಈ ಪದ ಕೇಳಿದರೆ ಭಯವಾಗುವುದು ಸಹಜ, ಏಕೆಂದರೆ ಪೆಟ್ರೋಲ್ ಎಂಜಿನ್ನಿನಲ್ಲಿ ನಾಕಿಂಗ್ ಎಂದರೆ ಪಿಸ್ಟನ್ನಿಗೆ ಕುತ್ತು. ಡೀಸೆಲ್‌ನಲ್ಲಿ ಹದವಾದ ನಾಕಿಂಗ್ ಹುಟ್ಟುಗುಣ. ಅದರ ಲಯ ಕೆಟ್ಟಾಗ ಅಥವಾ ಅದು ಹಿಂದಿಗಿಂತ ಜೋರಾದಾಗ ಮಾತ್ರ ಚಿಂತಿಸಬೇಕು.

ಎಂಜಿನ್ ತಣ್ಣಗಿದ್ದಷ್ಟೂ ಆ ತಡ ಹೆಚ್ಚುತ್ತದೆ, ತಡ ಹೆಚ್ಚಿದಷ್ಟೂ ಬಡಿತ ಗಡುಸಾಗುತ್ತದೆ. ಬೆಳಗಿನ ಮೊದಲ ಕೆಲವು ನಿಮಿಷ ಕಾರು ಅಷ್ಟು ಒರಟಾಗಿ ಮಾತನಾಡಿ, ಐದಾರು ಕಿಲೋಮೀಟರ್ ಓಡಿದ ಮೇಲೆ ಮೆತ್ತಗಾಗುವುದಕ್ಕೆ ಕಾರಣವಿದು. ಇಂಧನದ ಗುಣವೂ ಇಲ್ಲಿ ಲೆಕ್ಕಕ್ಕೆ ಬರುತ್ತದೆ. ಡೀಸೆಲ್ ಎಷ್ಟು ಬೇಗ ಹೊತ್ತಿಕೊಳ್ಳುತ್ತದೆ ಎಂಬುದನ್ನು ಸೀಟೇನ್ ಸಂಖ್ಯೆಯಲ್ಲಿ ಅಳೆಯುತ್ತಾರೆ. ಭಾರತ್ ಸ್ಟೇಜ್ 6 ಎಂಬ ಮಾಲಿನ್ಯ ನಿಯಮದ, ಅಂದರೆ ಬಿಎಸ್-6 ಡೀಸೆಲ್‌ಗೆ ಅದು ಕನಿಷ್ಠ 51 ಇರಬೇಕು. ಸೀಮೆಎಣ್ಣೆ ಬೆರೆಸಿದ ಡೀಸೆಲ್‌ನಲ್ಲಿ ಈ ಸಂಖ್ಯೆ ಇಳಿದು ಬಡಿತ ಹೆಚ್ಚುತ್ತದೆ. ಒಂದು ಬಂಕಿನಲ್ಲಿ ಟ್ಯಾಂಕ್ ತುಂಬಿಸಿದ ಮೇಲೆ ಸದ್ದು ಬದಲಾಗಿದೆ ಎಂದು ಯಾರಾದರೂ ಹೇಳಿದರೆ ನಾನು ಅದನ್ನು ಭ್ರಮೆಯೆಂದು ತಳ್ಳಿಹಾಕುವುದಿಲ್ಲ.

ಹಳೆಯ ಡೀಸೆಲ್ ಅಂಬಾಸಿಡರನ್ನೋ ಮೆಟಡಾರನ್ನೋ ಕೇಳಿ ಬಲ್ಲವರಿಗೆ ಇಂದಿನ ಕಾರುಗಳು ಎಷ್ಟೋ ಮೃದು. ಈ ಬದಲಾವಣೆಗೆ ಮುಖ್ಯ ಕಾರಣ ಕಾಮನ್ ರೈಲ್ ಎಂಬ ವ್ಯವಸ್ಥೆ. ಅದು ಕಾರುಗಳಿಗೆ ಬಂದದ್ದು 1997ರಲ್ಲಿ, ಇಟಲಿಯ ಆಲ್ಫಾ ರೋಮಿಯೊ 156ರ ಮೂಲಕ. ಇಂದಿನ ಕಾಮನ್ ರೈಲ್‌ಗಳಲ್ಲಿ 1600 ಬಾರ್ ಅಥವಾ ಅದಕ್ಕೂ ಹೆಚ್ಚಿನ ಒತ್ತಡದಲ್ಲಿ ಕಾದಿರುವ ಇಂಧನವನ್ನು ಕಂಪ್ಯೂಟರ್ ಬೇಕೆಂದಾಗ ಬೇಕಷ್ಟೇ ಬಿಡುತ್ತದೆ. ಮುಖ್ಯ ಸಿಂಪಡಣೆಗೆ ಮೊದಲು ಒಂದು ತೊಟ್ಟನ್ನು ಬಿಟ್ಟು ಸಿಲಿಂಡರನ್ನು ಹದಮಾಡಿಕೊಳ್ಳುವುದರಿಂದ, ಹಿಂದೆ ಬರುವ ಇಂಧನ ತಡಮಾಡದೆ ಹೊತ್ತಿಕೊಳ್ಳುತ್ತದೆ, ಬಡಿತದ ಮೊನೆ ಮುರಿಯುತ್ತದೆ. ಒಲೆ ಹೊತ್ತಿಸುವಾಗ ದೊಡ್ಡ ಸೌದೆಗೆ ಮೊದಲು ಚಿಕ್ಕ ಪುರಳೆಗೆ ಬೆಂಕಿ ತಾಗಿಸುವುದಿಲ್ಲವೇ, ಹಾಗೆ.

ಈ ಸದ್ದು ದಹನದಿಂದಲೇ ಬರುತ್ತದೆ ಎಂಬುದನ್ನು ನೀವೇ ಪರೀಕ್ಷಿಸಿ ನೋಡಬಹುದು. ಚಾರ್ಮಾಡಿಯಂತಹ ಘಟ್ಟ ಇಳಿಯುವಾಗ ಎರಡನೆಯ ಅಥವಾ ಮೂರನೆಯ ಗೇರಿನಲ್ಲಿ ಕಾರು ತಾನಾಗಿ ಇಳಿಯುತ್ತಿದ್ದರೆ, ಆಕ್ಸಿಲರೇಟರಿನಿಂದ ಕಾಲು ಪೂರ್ತಿ ತೆಗೆದು, ಕಿಟಕಿ ತುಸು ಇಳಿಸಿ ಕೇಳಿ. ಕಾಲು ತೆಗೆದಿರುವಷ್ಟು ಹೊತ್ತು ಇಂಧನ ಹೋಗುವುದಿಲ್ಲ, ಹಾಗಾಗಿ ಟಕಟಕವೆಂಬ ಬಡಿತ ಮಾಯವಾಗಿ ಗೇರು ಮತ್ತು ಗಾಳಿಯ ಗುಂಯ್‌ಗುಡಿತವಷ್ಟೇ ಉಳಿಯುತ್ತದೆ. ಮತ್ತೆ ಕಾಲು ಇಟ್ಟ ಕೂಡಲೇ ಬಡಿತ ಮರಳುತ್ತದೆ. ಇದನ್ನು ಒಮ್ಮೆ ಕೇಳಿಸಿಕೊಂಡ ಕಿವಿ ದಹನದ ಸದ್ದು ಯಾವುದು, ಸುತ್ತುವ ಭಾಗಗಳ ಸದ್ದು ಯಾವುದು ಎಂದು ಬೇರೆ ಮಾಡಲು ಕಲಿತುಬಿಡುತ್ತದೆ.

ಸದ್ದಿನ ಜೊತೆಗೇ ನಡುಕವೂ ಬರುತ್ತದೆ. ನಾಲ್ಕು ಸಿಲಿಂಡರಿನ ಎಂಜಿನ್ ನಿಂತಲ್ಲಿ 800 ಆರ್‌ಪಿಎಂನಲ್ಲಿ, ಅಂದರೆ ನಿಮಿಷಕ್ಕೆ 800 ಸುತ್ತು ತಿರುಗುವಾಗ ಸೆಕೆಂಡಿಗೆ ಸುಮಾರು 27 ಸಲ ದಹನ ನಡೆಯುತ್ತದೆ. ಮೂರು ಸಿಲಿಂಡರಿನದಾದರೆ 20 ಸಲ. ಮನುಷ್ಯನ ಕಿವಿ ಕೇಳಬಲ್ಲ ತೀರಾ ಕೆಳಗಿನ ಸ್ವರವೂ ಸೆಕೆಂಡಿಗೆ ಸುಮಾರು 20 ಕಂಪನದ್ದೇ ಆದ್ದರಿಂದ, ಈ ಸದ್ದನ್ನು ನಾವು ಕೇಳುವುದಕ್ಕಿಂತ ಹೆಚ್ಚಾಗಿ ಸೀಟಿನಲ್ಲಿ, ಸ್ಟೀರಿಂಗಿನಲ್ಲಿ, ಗೇರ್ ಕಡ್ಡಿಯಲ್ಲಿ ಅನುಭವಿಸುತ್ತೇವೆ. ಸದ್ದಿಗಿಂತ ಈ ನಡುಕವೇ ತಮ್ಮನ್ನು ಕಾಡುತ್ತಿದೆ ಎಂಬುದು ಹಲವರಿಗೆ ತಿಳಿದೇ ಇರುವುದಿಲ್ಲ.

ಮೊದಲ ಎರಡು ವಾರ

ಮೊದಲ ಎರಡು ವಾರ ದಿನಕ್ಕೆ ಹತ್ತು ನಿಮಿಷವಾದರೂ ಹಾಡು, ಎಸಿ, ಫ್ಯಾನ್ ಎಲ್ಲವನ್ನೂ ನಿಲ್ಲಿಸಿ ಕಾರು ಓಡಿಸಿ. ಕಿವಿಗೆ ಹಿತವಾಗಲೆಂದು ಹಾಡು ಹಾಕಿಕೊಂಡವರು ಒಂದು ವರ್ಷವಾದರೂ ತಮ್ಮ ಎಂಜಿನ್ನಿಗೆ ಹೊಸಬರಾಗಿಯೇ ಉಳಿಯುತ್ತಾರೆ.

ಎಂಜಿನ್ ಆರೋಗ್ಯವಾಗಿದೆ ಎಂದು ನಂಬಿಕೆಯ ಮೆಕ್ಯಾನಿಕ್ ಒಮ್ಮೆ ಖಚಿತಪಡಿಸಿದ ಮೇಲೆ ಅದರ ಸದ್ದನ್ನು ಫೋನಿನಲ್ಲಿ ದಾಖಲಿಸಿ ಇಟ್ಟುಕೊಳ್ಳಿ. ಬೆಳಗಿನ ಮೊದಲ ಸ್ಟಾರ್ಟ್‌ನಿಂದ ಒಂದು ನಿಮಿಷ, ಎಂಜಿನ್ ಪೂರ್ತಿ ಬಿಸಿಯಾದ ಮೇಲೆ ಬಾನೆಟ್ ಮುಚ್ಚಿ ಒಂದು, ತೆರೆದು ಒಂದು, ಸೈಲೆನ್ಸರಿನ ಹಿಂದೆ ನಿಂತು ಒಂದು, ಒಳಗೆ ಕುಳಿತು ಎಸಿ ಹಾಕಿ ಮತ್ತು ಆರಿಸಿ ಒಂದೊಂದು ಇದ್ದರೆ ಸಾಕು. ಫೋನನ್ನು ಪ್ರತಿ ಸಲವೂ ಒಂದೇ ಜಾಗದಲ್ಲಿ ಹಿಡಿಯಬೇಕು, ದಾಖಲೆಯ ಹೆಸರಿನಲ್ಲಿ ದಿನಾಂಕ ಮತ್ತು ಮೀಟರಿನ ಕಿಲೋಮೀಟರ್ ಇರಬೇಕು. ಆರು ತಿಂಗಳಾದ ಮೇಲೆ "ಮೊದಲು ಹೀಗಿರಲಿಲ್ಲವಲ್ಲ" ಎಂಬ ಅನುಮಾನ ಬಂದಾಗ ಸಾಕ್ಷಿ ಹೇಳುವುದು ಈ ದಾಖಲೆಯೇ. ನೆನಪನ್ನು ನಂಬಿದರೆ ಮೋಸಹೋಗುತ್ತೇವೆ.

ಸೆಕೆಂಡ್ ಹ್ಯಾಂಡ್ ಕಾರು ಕೊಂಡವರಿಗೆ ಇನ್ನೊಂದು ತೊಡಕಿದೆ: ಕೊಂಡ ದಿನವೇ ಅದು ಆರೋಗ್ಯವಾಗಿತ್ತೋ ಇಲ್ಲವೋ ತಿಳಿಯದು. ಮಾರುತಿ ಸುಜುಕಿ 2020ರಲ್ಲಿ ಡೀಸೆಲ್ ಕಾರು ನಿಲ್ಲಿಸಿತು, ಚಿಕ್ಕ ಕಾರುಗಳಲ್ಲಿ ಡೀಸೆಲ್ ಬಹುಮಟ್ಟಿಗೆ ಮರೆಯಾಯಿತು. ಆದ್ದರಿಂದ ಈಗ ಚಿಕ್ಕ ಡೀಸೆಲ್ ಕಾರಿಗೆ ಬರುವವರಲ್ಲಿ ಹೆಚ್ಚಿನವರು ಹಳೆಯ ಕಾರನ್ನೇ ಕೊಳ್ಳುತ್ತಾರೆ. ಅಂಥವರು ಅದೇ ಮಾದರಿಯ, ಅಷ್ಟೇ ಓಡಿರುವ ಇನ್ನೊಂದು ಕಾರನ್ನು ಹುಡುಕಿ ಪಕ್ಕಪಕ್ಕದಲ್ಲಿ ನಿಲ್ಲಿಸಿ ಕೇಳುವುದು ಒಳ್ಳೆಯದು. ಆಗ ಎಲ್ಲ ಕಾರಿನಲ್ಲೂ ಇರುವ ಸದ್ದು ಯಾವುದು, ನಿಮ್ಮದರಲ್ಲಿ ಮಾತ್ರ ಇರುವುದು ಯಾವುದು ಎಂಬುದು ಐದು ನಿಮಿಷದಲ್ಲಿ ಗೊತ್ತಾಗುತ್ತದೆ. ಟ್ಯಾಕ್ಸಿ ಓಡಿಸುವವರ ಬಳಿ ಇಂಥ ಕಾರುಗಳು ಸಿಗುತ್ತವೆ. ದಿನಕ್ಕೆ ಹತ್ತು ಗಂಟೆ ಆ ಸದ್ದಿನೊಳಗೇ ಕೂರುವ ಅವರ ಕಿವಿ ಎಷ್ಟೋ ಗ್ಯಾರೇಜುಗಳಿಗಿಂತ ಸೂಕ್ಷ್ಮ ಎಂಬುದು ನನ್ನ ಅನುಭವ.

ಕೇಳುವ ಜಾಗವನ್ನೂ ಗಮನಿಸಬೇಕು. ಅಪಾರ್ಟ್‌ಮೆಂಟಿನ ಬೇಸ್‌ಮೆಂಟ್, ಕಾಂಪೌಂಡ್ ಗೋಡೆಗೆ ಅಂಟಿದ ಓಣಿ, ಅಂಡರ್‌ಪಾಸ್ ಇವೆಲ್ಲ ಸದ್ದನ್ನು ಹಿಂದಕ್ಕೆ ಎಸೆಯುವುದರಿಂದ ಅಲ್ಲಿ ಕೇಳಿ ಗಾಬರಿಪಡಬಾರದು. ಆದರೆ ಸಣ್ಣ ದೋಷ ಹುಡುಕುವಾಗ ಇದೇ ಗೋಡೆ ಉಪಯೋಗಕ್ಕೆ ಬರುತ್ತದೆ: ಕಿಟಕಿ ಇಳಿಸಿ ಉದ್ದನೆಯ ಗೋಡೆಯ ಪಕ್ಕ ನಿಧಾನವಾಗಿ ಓಡಿಸಿದರೆ, ಒಳಗೆ ಕೂತವರಿಗೆ ಕೇಳಿಸದ ಹೊರಗಿನ ಸದ್ದು ಗೋಡೆಗೆ ತಾಗಿ ನಿಮ್ಮತ್ತಲೇ ಬರುತ್ತದೆ.

ಗೇರ್ ಬದಲಿಸುವ ಕಿವಿ

ಹೊಂದಾಣಿಕೆಯಲ್ಲಿ ಎಲ್ಲಕ್ಕಿಂತ ಕಷ್ಟದ ಭಾಗ ಇದು, ಆದರೂ ಇದರ ಬಗ್ಗೆ ಮಾತನಾಡುವವರು ಕಡಿಮೆ. ವರ್ಷಗಟ್ಟಲೆ ಪೆಟ್ರೋಲ್ ಕಾರು ಓಡಿಸಿದವರು ಗೇರ್ ಬದಲಿಸುವುದು ಮೀಟರ್ ನೋಡಿ ಅಲ್ಲ, ಸದ್ದು ಕೇಳಿ. ಸ್ವರ ಇಷ್ಟು ಏರಿತೆಂದರೆ ಕೈ ತಾನಾಗಿ ಗೇರಿಗೆ ಹೋಗುತ್ತದೆ. ಡೀಸೆಲ್ ಕಾರಿನಲ್ಲಿ ಆ ಹಳೆಯ ಅಭ್ಯಾಸ ಎರಡೂ ಕಡೆ ದಾರಿತಪ್ಪಿಸುತ್ತದೆ. ಸದ್ದು ಜೋರೆಂದು ಹೆದರುವವರು ಬೇಗಬೇಗ ಮೇಲಿನ ಗೇರಿಗೆ ಹೋಗಿ ಎಂಜಿನ್ನನ್ನು ಏದುಸಿರು ಬಿಡಿಸುತ್ತಾರೆ. ಪೆಟ್ರೋಲ್‌ನ ಏರುಸ್ವರಕ್ಕೆ ಒಗ್ಗಿದವರು 3500 ಆರ್‌ಪಿಎಂ ದಾಟುವವರೆಗೂ ಎಳೆದು, ಕಿರುಚಾಟವಲ್ಲದೆ ಬೇರೇನೂ ದಕ್ಕುತ್ತಿಲ್ಲವಲ್ಲ ಎಂದು ಬೇಸರಪಡುತ್ತಾರೆ.

ಡೀಸೆಲ್ ಕಾರಿನ ಬಲವೆಲ್ಲ ಕೆಳಗಿನ ಆರ್‌ಪಿಎಂನಲ್ಲಿ ಇರುತ್ತದೆ. ನಮ್ಮಲ್ಲಿ ಓಡುವ ಹುಂಡೈನ 1.5 ಲೀಟರ್ ಡೀಸೆಲ್ ಎಂಜಿನ್ ತನ್ನ ಪೂರ್ತಿ 250 ನ್ಯೂಟನ್ ಮೀಟರ್ ಟಾರ್ಕನ್ನು (ತಿರುಗಿಸುವ ಬಲವನ್ನು) 1500ರಿಂದ 2750 ಆರ್‌ಪಿಎಂ ನಡುವೆ ಕೊಡುತ್ತದೆ. ಬೇರೆ ಕಂಪನಿಗಳ ಎಂಜಿನ್ನುಗಳದೂ ಹೆಚ್ಚುಕಡಿಮೆ ಇದೇ ಪಟ್ಟಿ. ಆದ್ದರಿಂದ ಸಮತಟ್ಟಾದ ರಸ್ತೆಯಲ್ಲಿ 2000ದಿಂದ 2200ರ ಹೊತ್ತಿಗೆ ಮೇಲಿನ ಗೇರಿಗೆ ಹೋಗುವುದು, 1400ಕ್ಕಿಂತ ಕೆಳಗೆ ಬಂದಾಗ ಜೋರಾಗಿ ಆಕ್ಸಿಲರೇಟರ್ ಒತ್ತದೆ ಒಂದು ಗೇರ್ ಇಳಿಸುವುದು ಒಳ್ಳೆಯ ಆರಂಭ. ಮೊದಲ ವಾರ ಆರ್‌ಪಿಎಂ ಮುಳ್ಳನ್ನು ಆಗಾಗ ಒಂದು ಕ್ಷಣ ನೋಡಿ, 2000ದ ಸದ್ದು ಹೇಗಿರುತ್ತದೆ ಎಂಬುದನ್ನು ಗುರುತಿಟ್ಟುಕೊಳ್ಳಿ. ಎರಡನೆಯ ವಾರ ಮುಳ್ಳು ನೋಡದೆ ಅಂದಾಜಿಸಿ, ಆಮೇಲೆ ನೋಡಿ ಸರಿಯಿತ್ತೇ ಎಂದು ತಾಳೆಹಾಕಿ. ತಂಬೂರಿಯ ಶ್ರುತಿಗೆ ಕಿವಿ ಕೂರಿಸುವಂತಹ ಕೆಲಸವಿದು, ಹತ್ತು ಹನ್ನೆರಡು ದಿನದಲ್ಲಿ ಕೈಹತ್ತುತ್ತದೆ.

ಏದುಸಿರಿನ ಸದ್ದನ್ನು ವಿಶೇಷವಾಗಿ ಗುರುತಿಸಬೇಕು. ನಾಲ್ಕನೆಯ ಗೇರಿನಲ್ಲಿ 30 ಕಿ.ಮೀ. ವೇಗದಲ್ಲಿ ಹೋಗುತ್ತ ಮುಂದಿನ ಬಸ್ಸನ್ನು ದಾಟಲೆಂದು ಆಕ್ಸಿಲರೇಟರ್ ಒತ್ತಿದರೆ, ಕಿವಿಗಿಂತ ಎದೆಗೆ ತಾಗುವ ಒಂದು ಗುಂಗುಡುವ ಸದ್ದು ಏಳುತ್ತದೆ, ಡ್ಯಾಶ್‌ಬೋರ್ಡ್ ನಡುಗುತ್ತದೆ, ಕಾರು ಮಾತ್ರ ಮುಂದೆ ಹೋಗುವುದಿಲ್ಲ. ಈ ಸದ್ದು ಜೋರಾಗಿರುವುದಿಲ್ಲ. ಅದಕ್ಕೇ ಹಲವರು ಇದನ್ನು ಹಿತವೆಂದು ತಪ್ಪು ತಿಳಿಯುತ್ತಾರೆ. ಆದರೆ ಕ್ಲಚ್ಚಿನ ಜೊತೆಗಿದ್ದು ನಡುಕ ಹೀರುವ ಡ್ಯುಯಲ್ ಮಾಸ್ ಫ್ಲೈವೀಲ್ ಎಂಬ ಚಕ್ರಕ್ಕೂ ಎಂಜಿನ್ನನ್ನು ಕೂರಿಸಿರುವ ರಬ್ಬರ್ ಮೌಂಟಿಂಗ್‌ಗೂ ಪೆಟ್ಟು ಬೀಳುವುದು ಇಂಥ ಹೊತ್ತಿನಲ್ಲಿ. ಒಂದು ಗೇರ್ ಇಳಿಸಿದರೆ ಸದ್ದು ಏರುತ್ತದೆ, ನಡುಕ ಇಳಿಯುತ್ತದೆ. ಡೀಸೆಲ್‌ಗೆ ಹೊಸಬರಾದವರು ಒಪ್ಪಿಕೊಳ್ಳಬೇಕಾದ ಮೊದಲ ಸಂಗತಿ ಇದೇ: ಇಲ್ಲಿ ಕಡಿಮೆ ಸದ್ದು ಎಂದರೆ ಕಡಿಮೆ ಶ್ರಮ ಎಂದು ಅರ್ಥವಲ್ಲ.

ಘಟ್ಟದಲ್ಲಿ ಇದು ಇನ್ನೂ ಸ್ಪಷ್ಟ. ಗುಂಡ್ಯದಿಂದ ಸಕಲೇಶಪುರದ ಕಡೆಗೆ ಶಿರಾಡಿ ಘಾಟಿ ಏರುವಾಗ ಲಾರಿಗಳ ಹಿಂದೆ ಸಿಲುಕಿ ವೇಗ ಏರಿಳಿಯುತ್ತಲೇ ಇರುತ್ತದೆ. ಅಲ್ಲಿ ಮೂರನೆಯ ಗೇರಿನಲ್ಲಿ 2000ದ ಆಸುಪಾಸಿನಲ್ಲಿ ಎಂಜಿನ್ನನ್ನು ತಿರುಗಲು ಬಿಟ್ಟರೆ ಅದು ಗಟ್ಟಿಯಾಗಿ ಕೂಗುತ್ತ ಸಲೀಸಾಗಿ ಏರುತ್ತದೆ. ಆ ಕೂಗಿಗೆ ಹೆದರಿ ನಾಲ್ಕಕ್ಕೆ ಹಾಕಿದರೆ ಮುಂದಿನ ತಿರುವಿನಲ್ಲಿ ಎಂಜಿನ್ನಿಗೆ ಗಾಳಿ ಒತ್ತಿ ಕೊಡುವ ಟರ್ಬೊ ನಿದ್ದೆಹೋಗಿ ಪಿಕಪ್ ಕೈಕೊಡುತ್ತದೆ. ಇಳಿಯುವಾಗಲೂ ಘಟ್ಟ ಹತ್ತುವಾಗ ಬಳಸಿದ ಗೇರಿನಲ್ಲೇ ಇಳಿಯುವುದು ವಾಡಿಕೆ. ಎಂಜಿನ್ ಹಿಡಿತದಿಂದ ಏಳುವ ಗುಂಯ್‌ಗುಡಿತ ಬ್ರೇಕಿನ ಹೊರೆ ತಗ್ಗಿಸುತ್ತದೆಯೇ ಹೊರತು ಎಂಜಿನ್ನಿಗೆ ಕೇಡು ಮಾಡುವುದಿಲ್ಲ.

ಹೆದ್ದಾರಿಯಲ್ಲಿ ಮಾತ್ರ ಡೀಸೆಲ್ ಕಾರು ಅಚ್ಚರಿ ಹುಟ್ಟಿಸುತ್ತದೆ. ಬೆಂಗಳೂರು-ಮೈಸೂರು ಹೆದ್ದಾರಿಯಲ್ಲಿ 100ರ ಒಳಗೆ ಮೇಲಿನ ಗೇರಿನಲ್ಲಿ ಹೋಗುವಾಗ ಎಂಜಿನ್ 2000ದ ಆಸುಪಾಸಿನಲ್ಲೇ ತಿರುಗುತ್ತಿರುತ್ತದೆ, ಟಯರು ಮತ್ತು ಗಾಳಿಯ ಸದ್ದು ಅದನ್ನು ನುಂಗಿಹಾಕುತ್ತದೆ. ನನ್ನ ಹಳೆಯ ಪೆಟ್ರೋಲ್ ಕಾರು ಅದೇ ವೇಗದಲ್ಲಿ ಇದಕ್ಕಿಂತ ಹೆಚ್ಚು ಗದ್ದಲ ಮಾಡುತ್ತಿತ್ತು.

ಹೆದರಬೇಕಿಲ್ಲದ ಹೊಸ ಸದ್ದುಗಳು

ಪೆಟ್ರೋಲ್ ಕಾರಿನಲ್ಲಿ ಕೇಳಿರದ ಕೆಲವು ಸದ್ದುಗಳು ಇಲ್ಲಿ ದಿನನಿತ್ಯದವು. 1500 ಆರ್‌ಪಿಎಂ ದಾಟುವಾಗ ಸಣ್ಣದಾಗಿ ಸಿಳ್ಳೆ ಹಾಕಿದಂತೆ ಕೇಳುವುದು ಟರ್ಬೊ. ಅದು ಪ್ರತಿ ದಿನ ಒಂದೇ ತೆರನಾಗಿರುವವರೆಗೆ ನಿಶ್ಚಿಂತೆಯಿಂದಿರಬಹುದು. ಚಳಿಯ ಬೆಳಿಗ್ಗೆ ಮೀಟರಿನಲ್ಲಿ ಸುರುಳಿಯ ಚಿತ್ರದ ದೀಪ ಹೊತ್ತುವುದು ಸ್ಟಾರ್ಟ್‌ಗೆ ಮೊದಲು ಸಿಲಿಂಡರನ್ನು ಕಾಯಿಸುವ ಹೀಟರ್ ಪ್ಲಗ್ಗಿನ ಸೂಚನೆ, ಅದು ಕೆಲಸ ಮುಗಿಸುವಾಗ ಬಾನೆಟ್ಟಿನಡಿ ಟಕ್ಕೆಂದು ರಿಲೇ ಸದ್ದು ಕೇಳಬಹುದು. ಬೆಂಗಳೂರಿನಲ್ಲಿ ಆ ದೀಪ ಕಣ್ಣಿಗೆ ಬೀಳುವ ಮುಂಚೆಯೇ ಆರಿಹೋಗುತ್ತದೆ. ಮಡಿಕೇರಿಯ ಡಿಸೆಂಬರಿನಲ್ಲಿ ಆರುವವರೆಗೆ ಕಾದು ಸ್ಟಾರ್ಟ್ ಮಾಡಿದರೆ ಮೊದಲ ಬಡಿತ ಮೆತ್ತಗಿರುತ್ತದೆ.

ಹೆಚ್ಚು ಜನ ಗಾಬರಿಯಾಗುವುದು ಡಿಪಿಎಫ್ ಸ್ವಚ್ಛಗೊಳ್ಳುವಾಗ. 2020ರ ಏಪ್ರಿಲ್ 1ರಿಂದ ಜಾರಿಗೆ ಬಂದ ಬಿಎಸ್-6 ನಿಯಮದ ಡೀಸೆಲ್ ಕಾರುಗಳಲ್ಲಿ ಹೊಗೆಯ ಮಸಿಯನ್ನು ಹಿಡಿದಿಡುವ ಈ ಜಾಲರಿ ಇರುತ್ತದೆ. ಅದು ತುಂಬಿದಾಗ ಎಂಜಿನ್ ಹೆಚ್ಚು ಇಂಧನ ಬಿಟ್ಟು ಅದನ್ನು ಸುಮಾರು 600 ಡಿಗ್ರಿಗೆ ಕಾಯಿಸಿ ಮಸಿಯನ್ನು ಸುಟ್ಟುಹಾಕುತ್ತದೆ. ಆಗ ನಿಂತಲ್ಲೇ ಆರ್‌ಪಿಎಂ ತುಸು ಏರುತ್ತದೆ, ಸೈಲೆನ್ಸರಿನ ಸ್ವರ ದಪ್ಪವಾಗುತ್ತದೆ, ರೇಡಿಯೇಟರ್ ಫ್ಯಾನ್ ಜೋರಾಗಿ ತಿರುಗುತ್ತದೆ, ಕಾದ ಕಬ್ಬಿಣದ ವಾಸನೆಯೂ ಬರಬಹುದು. ಇದು ಅರ್ಧಕ್ಕೆ ನಿಲ್ಲದಂತೆ ಹದಿನೈದಿಪ್ಪತ್ತು ನಿಮಿಷ 60 ಕಿ.ಮೀ.ಗೂ ಹೆಚ್ಚಿನ ವೇಗದಲ್ಲಿ ಬಿಡದೆ ಓಡಿಸಿದರೆ ಕೆಲಸ ಮುಗಿದು ಸದ್ದು ಮೊದಲಿನಂತಾಗುತ್ತದೆ. ದಿನಕ್ಕೆ ನಾಲ್ಕು ಕಿಲೋಮೀಟರ್ ಸಿಗ್ನಲ್ಲುಗಳ ನಡುವೆ ತೆವಳುವವರಿಗೆ ಇದು ಪದೇಪದೇ ಅರ್ಧಕ್ಕೆ ನಿಲ್ಲುತ್ತದೆ. ನಿಮ್ಮ ಓಡಾಟ ಅಷ್ಟೇ ಎಂದಾದರೆ, ಸದ್ದಿಗೆ ಒಗ್ಗಿಕೊಳ್ಳುವ ಪ್ರಶ್ನೆಗಿಂತ ಮೊದಲು ಡೀಸೆಲ್ ಕಾರು ನಿಮಗೆ ಬೇಕಿತ್ತೇ ಎಂಬ ಪ್ರಶ್ನೆ ಕೇಳಿಕೊಳ್ಳಬೇಕು ಎಂದು ನಾನು ಹೇಳುತ್ತೇನೆ.

ಆಡ್‌ಬ್ಲೂ ಅಥವಾ ಡಿಇಎಫ್ ಎಂಬ ಯೂರಿಯಾ ದ್ರವ ಹಾಕುವ ಕಾರುಗಳಲ್ಲಿ ಎಂಜಿನ್ ಆರಿಸಿದ ಮೇಲೂ ಸ್ವಲ್ಪ ಹೊತ್ತು ಕಾರಿನಡಿ ಗುರ್ ಎನ್ನುವ ಸದ್ದು ಇರುತ್ತದೆ. ಪೈಪಿನಲ್ಲಿ ಉಳಿದ ದ್ರವವನ್ನು ಪಂಪು ಹಿಂದಕ್ಕೆ ಎಳೆದುಕೊಳ್ಳುತ್ತಿರುತ್ತದೆ, ಅಷ್ಟೆ.

ತಡಮಾಡದೆ ತೋರಿಸಬೇಕಾದವು

ಡೀಸೆಲ್ ಬಡಿತ ಆರೋಗ್ಯವಾಗಿದ್ದಾಗ ಒಂದೇ ತಾಳದಲ್ಲಿರುತ್ತದೆ. ತಾಳ ತಪ್ಪಿ, ನಾಲ್ಕರಲ್ಲಿ ಒಂದು ಪೆಟ್ಟು ಉಳಿದವಕ್ಕಿಂತ ಗಡುಸಾಗಿ ಕೇಳಿ, ಎಂಜಿನ್ ಬಿಸಿಯಾದ ಮೇಲೂ ಅದು ತಗ್ಗದಿದ್ದರೆ ಇಂಜೆಕ್ಟರಿನ ಅನುಮಾನ ಪಡಬಹುದು. ಬಿಚ್ಚುವ ಮೊದಲು ಸ್ಕ್ಯಾನರ್ ಹಾಕಿ ಪ್ರತಿ ಸಿಲಿಂಡರಿನ ಲೆಕ್ಕ ನೋಡಲು ಹೇಳಿ, ಜೊತೆಗೆ ಪ್ರತಿ ಇಂಜೆಕ್ಟರಿನಿಂದ ಹಿಂದಕ್ಕೆ ಹರಿಯುವ ಡೀಸೆಲ್ ಅಳೆಯುವ ಸರಳ ಪರೀಕ್ಷೆಯನ್ನೂ ಮಾಡಿಸಿ. ಮಳೆಗಾಲದಲ್ಲಿ ಇದ್ದಕ್ಕಿದ್ದಂತೆ ಒರಟಾದರೆ ಡೀಸೆಲ್ ಫಿಲ್ಟರಿನಲ್ಲಿ ನೀರು ಸೇರಿದೆಯೇ ಎಂದು ಮೊದಲು ನೋಡಿಸಬೇಕು.

ಟರ್ಬೊ ಸಿಳ್ಳೆ ದಿನದಿಂದ ದಿನಕ್ಕೆ ಏರಿ ಆಂಬುಲೆನ್ಸಿನ ಸೈರನ್ನಿನಂತೆ ಕೇಳತೊಡಗಿದರೆ, ಅದರೊಂದಿಗೆ ನೀಲಿ ಹೊಗೆ ಬಂದರೆ, ಬೇರಿಂಗ್ ಸವೆದಿದೆ ಎಂದರ್ಥ, ಓಡಿಸುವುದನ್ನು ನಿಲ್ಲಿಸಬೇಕು. ಆಕ್ಸಿಲರೇಟರ್ ಒತ್ತಿದಾಗ ಬುಸ್ಸೆಂದು ಹಾವು ಬುಸುಗುಟ್ಟಿದಂತಾಗಿ, ಪಿಕಪ್ ಇಳಿದು, ಹಿಂದೆ ಕಪ್ಪು ಹೊಗೆ ಕಾಣಿಸಿದರೆ ಟರ್ಬೊದ ಗಾಳಿಯನ್ನು ತಣಿಸುವ ಇಂಟರ್‌ಕೂಲರಿನ ರಬ್ಬರ್ ಪೈಪು ಬಿರಿದಿರುವ ಸಾಧ್ಯತೆ ಹೆಚ್ಚು. ನ್ಯೂಟ್ರಲ್‌ನಲ್ಲಿ ನಿಂತಾಗ ಗೋಲಿ ತುಂಬಿದ ಡಬ್ಬ ಅಲ್ಲಾಡಿಸಿದಂತೆ ಕೇಳುವ ಸದ್ದು ಕ್ಲಚ್ ಒತ್ತಿದ ಕೂಡಲೇ ನಿಂತರೆ ಅದು ಫ್ಲೈವೀಲ್ ಅಥವಾ ಗೇರ್‌ಬಾಕ್ಸ್ ಕಡೆಯದು. ತದ್ವಿರುದ್ಧವಾಗಿ ಕ್ಲಚ್ ಒತ್ತಿದಾಗ ಮಾತ್ರ ಕೇಳಿದರೆ ರಿಲೀಸ್ ಬೇರಿಂಗ್. ಇಷ್ಟನ್ನು ನೀವೇ ಪರೀಕ್ಷಿಸಿ ಹೇಳಿದರೆ ಗ್ಯಾರೇಜಿನವರ ಅರ್ಧ ದಿನ ಉಳಿಯುತ್ತದೆ.

ಇನ್ನೊಂದು ಅಪಾಯ ಪೆಟ್ರೋಲ್‌ನಿಂದ ಬಂದವರಿಗೇ ಮೀಸಲು. ಹಳೆಯ ರೂಢಿಯಲ್ಲಿ ಬಂಕಿನಲ್ಲಿ "ಪೆಟ್ರೋಲ್" ಎಂದುಬಿಡುತ್ತೇವೆ, ಪೆಟ್ರೋಲ್ ನಾಜಲ್ ಡೀಸೆಲ್ ಟ್ಯಾಂಕಿನ ಬಾಯಿಗೆ ಸಲೀಸಾಗಿ ಹೊಕ್ಕುತ್ತದೆ. ಬಂಕಿನಿಂದ ಹೊರಟ ಕೆಲವೇ ನಿಮಿಷದಲ್ಲಿ ಬಡಿತ ಚೂಪಾಗಿ, ಲೋಹಕ್ಕೆ ಲೋಹ ತಾಗಿದಂತೆ ಕೇಳಿ, ಎಂಜಿನ್ ಬಲ ಕಳೆದುಕೊಂಡರೆ ಕೂಡಲೇ ಬದಿಗೆ ನಿಲ್ಲಿಸಿ ಆರಿಸಿ, ಬಿಲ್ಲು ನೋಡಿ. ಡೀಸೆಲ್‌ನ ಜಿಡ್ಡೇ ಅಧಿಕ ಒತ್ತಡದ ಪಂಪಿಗೆ ಎಣ್ಣೆ. ಪೆಟ್ರೋಲ್‌ನಲ್ಲಿ ಆ ಜಿಡ್ಡಿಲ್ಲದ ಕಾರಣ ಓಡಿಸಿದಷ್ಟೂ ಪಂಪು, ಇಂಜೆಕ್ಟರು ಸವೆಯುತ್ತವೆ. ಬಂಕಿನಲ್ಲೇ ಗೊತ್ತಾದರೆ ಕೀಲಿಯನ್ನೇ ತಿರುಗಿಸದೆ ಕಾರನ್ನು ಎಳೆಸಿಕೊಂಡು ಹೋಗಿ ಟ್ಯಾಂಕ್ ಖಾಲಿಮಾಡಿಸಬೇಕು.

ಸದ್ದು ತಗ್ಗಿಸುವ ಕೆಲಸ

ಇಷ್ಟಾದ ಮೇಲೆ ಸದ್ದು ತಗ್ಗಿಸಲು ಕೈಹಾಕಬಹುದು. ಮೊದಲು ಎಂಜಿನ್ ಮೌಂಟಿಂಗ್ ನೋಡಿಸಿ. ಒಂದು ಲಕ್ಷ ಕಿಲೋಮೀಟರ್ ದಾಟಿದ ಕಾರಿನಲ್ಲಿ ರಬ್ಬರ್ ಕುಸಿದು, ಒಳಗಿನ ದ್ರವ ಸೋರಿ, ನಡುಕವೆಲ್ಲ ನೇರವಾಗಿ ಕಾರಿನ ಮೈಗೆ ಇಳಿಯುತ್ತಿರಬಹುದು. ಎಸಿ ಹಾಕಿ ನಿಂತಾಗ ಒಳಗನ್ನಡಿಯಲ್ಲಿ ಹಿಂದಿನ ಕಾರಿನ ಬಿಂಬ ಮಸುಕಾಗುವಷ್ಟು ನಡುಗಿದರೆ ಅನುಮಾನ ಬಲವಾಗುತ್ತದೆ. ಮೌಂಟಿಂಗ್ ಬದಲಿಸಿದ ದಿನ ಕಾರೇ ಬದಲಾದಂತೆ ಅನ್ನಿಸುತ್ತದೆ. ಅಷ್ಟು ಫಲ ಬೇರಾವ ಖರ್ಚಿನಿಂದಲೂ ಸಿಗುವುದಿಲ್ಲ.

ಆಮೇಲೆ ಸಡಿಲವಾದ ತಗಡು, ಎಂಜಿನ್ ಮೇಲಿನ ಪ್ಲಾಸ್ಟಿಕ್ ಮುಚ್ಚಳ, ಕೆಳಗಿನ ರಕ್ಷಾಫಲಕದ ಕ್ಲಿಪ್ಪು, ಬಾಗಿಲಿನ ರಬ್ಬರ್ ಬೀಡಿಂಗ್ ಇವುಗಳನ್ನು ಸರಿಪಡಿಸಿ. ಬಾನೆಟ್ಟಿನ ಒಳಮೈಯಲ್ಲಿ ಅಂಟಿಸಿರುವ ದಪ್ಪ ಹಾಸು ಇದೆಯೇ ಎಂದೂ ನೋಡಿ. ನಮ್ಮ ಕಡೆ ಅದನ್ನು ಇಲಿಗಳು ಕಿತ್ತು ಗೂಡು ಮಾಡಿಕೊಳ್ಳುವುದು ಸಾಮಾನ್ಯ. ಎಂಜಿನ್ ಆಯಿಲನ್ನು ಕಾರಿನ ಕೈಪಿಡಿ ಹೇಳಿದ ದರ್ಜೆಯದನ್ನೇ ಹಾಕಿಸಿ. ಸದ್ದು ಕಡಿಮೆಯಾಗಲೆಂದು ಗಟ್ಟಿ ಆಯಿಲ್ ಹಾಕುವ ಸಲಹೆಯನ್ನು ಕೇಳಬೇಡಿ. ಡಿಪಿಎಫ್ ಇರುವ ಕಾರಿಗೆ ಬೂದಿ ಕಡಿಮೆಯಿರುವ ಆಯಿಲ್ಲೇ ಬೇಕು, ಇಲ್ಲವಾದರೆ ಜಾಲರಿ ಕಟ್ಟಿಕೊಳ್ಳುತ್ತದೆ.

ಡ್ಯಾಂಪಿಂಗ್ ಶೀಟ್ ವಿಷಯದಲ್ಲಿ ಅಂಗಡಿಯವರ ಮಾತಿಗಿಂತ ಸ್ವಲ್ಪ ಕಡಿಮೆಯೇ ನಿರೀಕ್ಷಿಸಿ. ನಾಲ್ಕು ಬಾಗಿಲಿಗೆ ಅಂಟಿಸುವ ಶೀಟ್ ರಸ್ತೆಯ ಗದ್ದಲವನ್ನು ತಗ್ಗಿಸುತ್ತದೆ, ಬಾಗಿಲು ಮುಚ್ಚುವ ಸದ್ದು ಗಂಭೀರವಾಗುತ್ತದೆ, ಸ್ಪೀಕರು ಚೆನ್ನಾಗಿ ಕೇಳುತ್ತದೆ. ಎಂಜಿನ್ ಬಡಿತ ಮಾತ್ರ ಬಹುಪಾಲು ಬರುವುದು ಡ್ಯಾಶ್‌ಬೋರ್ಡಿನ ಹಿಂದಿನ ಗೋಡೆ ಮತ್ತು ನೆಲದಿಂದ. ಆ ಗೋಡೆಗೆ ಶೀಟ್ ಹಾಕಲು ಡ್ಯಾಶ್‌ಬೋರ್ಡ್ ಪೂರ್ತಿ ಕಳಚಬೇಕು. ಒಮ್ಮೆ ಕಳಚಿದ ಡ್ಯಾಶ್‌ಬೋರ್ಡ್ ಮುಂದೆ ಕಿರಕಿರ ಎನ್ನದೆ ಇರುವುದು ಅಪರೂಪವಾದ್ದರಿಂದ ನಾನು ಅದನ್ನು ಮಾಡಿಸಲಿಲ್ಲ. ಮುಂದಿನ ಸೀಟುಗಳ ನೆಲಕ್ಕೆ ಮಾತ್ರ ಹಾಕಿಸಿದೆ. ಬಾನೆಟ್ಟಿನಡಿಯಲ್ಲಿ ಟರ್ಬೊ, ಸೈಲೆನ್ಸರ್ ಪೈಪುಗಳ ಹತ್ತಿರ ಮನೆಯ ಸ್ಪಂಜನ್ನೋ ಥರ್ಮೊಕೋಲನ್ನೋ ತುರುಕಿದರೆ ಬೆಂಕಿ ಹತ್ತುವ ಅಪಾಯವಿದೆ.

ಖರ್ಚು ಮಾಡುವ ಮೊದಲು ಮತ್ತು ಆಮೇಲೆ ಫೋನಿನ ಡೆಸಿಬೆಲ್ ಆ್ಯಪ್‌ನಲ್ಲಿ ಅಳೆದು ನೋಡಿ. ಅದರ ಅಂಕಿ ಕರಾರುವಾಕ್ಕಲ್ಲ, ಹೋಲಿಕೆಗೆ ಸಾಕು. 3 ಡೆಸಿಬೆಲ್ ಇಳಿದರೆ ಸದ್ದಿನ ಶಕ್ತಿ ಅರ್ಧವಾದಂತೆ, ಆದರೆ ಕಿವಿಗೆ ಅರ್ಧವಾದಂತೆ ಅನ್ನಿಸಲು ಸುಮಾರು 10 ಡೆಸಿಬೆಲ್ ಇಳಿಯಬೇಕು. "3 ಡೆಸಿಬೆಲ್ ಕಡಿಮೆ, ಅಂದರೆ ಅರ್ಧ ಸದ್ದು" ಎಂದು ಯಾರಾದರೂ ಹೇಳಿದಾಗ ಈ ಲೆಕ್ಕ ನೆನಪಿರಲಿ.

ಬೆಳಗಿನ ಜಾವದ ಸ್ಟಾರ್ಟ್

ಅಕ್ಕಪಕ್ಕದವರ ಕಿವಿಯ ವಿಷಯವೂ ಇದೆ. ಡೀಸೆಲ್ ಎಂಜಿನ್ ನಿಂತಲ್ಲೇ ಓಡಿದರೆ ಬಹಳ ನಿಧಾನವಾಗಿ ಬಿಸಿಯಾಗುತ್ತದೆ, ಆದ್ದರಿಂದ ಐದು ಗಂಟೆಗೆ ಊರಿಗೆ ಹೊರಡುವವರು ಕಾರು ಸ್ಟಾರ್ಟ್ ಮಾಡಿಟ್ಟು ಲಗೇಜು ತುಂಬುವುದರಿಂದ ಬೀದಿಯವರ ನಿದ್ದೆ ಕೆಡುತ್ತದೆಯೇ ಹೊರತು ಎಂಜಿನ್ನಿಗೆ ಲಾಭವಿಲ್ಲ. ಲಗೇಜು ತುಂಬಿ, ಎಲ್ಲರೂ ಕುಳಿತು, ಬೆಲ್ಟ್ ಹಾಕಿಕೊಂಡ ಮೇಲೆ ಸ್ಟಾರ್ಟ್ ಮಾಡಿ. ಇಪ್ಪತ್ತು ಮೂವತ್ತು ಸೆಕೆಂಡ್ ಕಾದು ಮೆಲ್ಲನೆ ಹೊರಡಿ. ಮೊದಲ ನಾಲ್ಕೈದು ಕಿಲೋಮೀಟರ್ 2000ದೊಳಗೇ ಓಡಿಸಿ. ಘಟ್ಟ ಹತ್ತಿ ಅಥವಾ ಹೆದ್ದಾರಿಯಲ್ಲಿ ಜೋರಾಗಿ ಓಡಿಸಿ ನಿಲ್ಲಿಸುವಾಗ ಮಾತ್ರ ಟರ್ಬೊ ತಣಿಯಲೆಂದು ಒಂದು ನಿಮಿಷ ಎಂಜಿನ್ ಓಡಲು ಬಿಟ್ಟು ಆರಿಸಬೇಕು. ಅಮ್ಮ ಈಗ ಗಿರಣಿಯ ಮಾತೆತ್ತುವುದಿಲ್ಲ. ಸಂಜೆ ಕಾರು ಬೀದಿಯ ತಿರುವಿಗೆ ಬಂದಾಗಲೇ ಸದ್ದು ಗುರುತಿಸಿ ಕಾಫಿಗೆ ಹಾಲು ಇಡುತ್ತಾರೆ.